ಕಚ್ಚಾ ದಾರಿಯ ಟ್ರೇಲರನ್ನು ಮನೆಯಲ್ಲೇ ಕಟ್ಟುವುದು: ತೂಕದ ಲೆಕ್ಕದಿಂದ ಮೊದಲ ಓಟದವರೆಗೆ

ಕಚ್ಚಾ ದಾರಿಗೆ ಹೊಂದುವ ಕ್ಯಾಂಪಿಂಗ್ ಟ್ರೇಲರನ್ನು ಮನೆಯಲ್ಲೇ ಕಟ್ಟಿಕೊಳ್ಳಬೇಕೆಂದು ನಿರ್ಧರಿಸಿದ ಮೇಲೆ ನಾನು ಮೊದಲು ಮಾಡಿದ ಕೆಲಸ ಒಂದು ಲೆಕ್ಕದ ಪುಸ್ತಕವನ್ನು ತೆರೆದದ್ದು. ಟ್ರೇಲರಿನ ಮೇಲೆ ಅಥವಾ ಒಳಗೆ ಇರಲಿರುವ ಪ್ರತಿಯೊಂದು ವಸ್ತುವಿನ ಹೆಸರು, ಅದರ ತೂಕ, ಎಳೆಯುವ ವಾಹನದ ಕೊಂಡಿಯಿಂದ ಅದು ಕೂರುವ ಜಾಗಕ್ಕಿರುವ ದೂರ, ಈ ಮೂರನ್ನು ಅದರಲ್ಲಿ ಬರೆಯುತ್ತ ಹೋದೆ. ಚೌಕಟ್ಟು, ಆಕ್ಸಲ್, ಚಕ್ರ, ಗೋಡೆಯ ಹಲಗೆಗಳಂತಹ ದೊಡ್ಡ ಬಾಬತ್ತುಗಳ ಜೊತೆಗೆ ಹಾಸಿಗೆ, ಪಾತ್ರೆ, ಹಗ್ಗ, ಜಾಕ್, ನೀರು ಎಲ್ಲವೂ ಅಲ್ಲಿ ಸೇರಿದವು. ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಸಲಕರಣೆ ಯಾವುದೆಂದು ಯಾರಾದರೂ ಕೇಳಿದರೆ ವೆಲ್ಡಿಂಗ್ ಯಂತ್ರಕ್ಕಿಂತ ಮೊದಲು ಈ ಪುಸ್ತಕವನ್ನೇ ಹೆಸರಿಸುತ್ತೇನೆ.

ಎಳೆಯುವ ವಾಹನದ ತಯಾರಕರು ಎರಡು ಮಿತಿಗಳನ್ನು ಮೊದಲೇ ಹಾಕಿಟ್ಟಿರುತ್ತಾರೆ. ವಾಹನ ಎಳೆಯಬಹುದಾದ ಗರಿಷ್ಠ ತೂಕ ಒಂದು. ಕೊಂಡಿಯ ಮೇಲೆ ಕೆಳಮುಖವಾಗಿ ಬೀಳಬಹುದಾದ ಗರಿಷ್ಠ ಭಾರ ಇನ್ನೊಂದು. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಮೊದಲನೆಯ ಮಿತಿ ಬಹಳ ಕೆಳಗಿಳಿಯುತ್ತದೆ. ಈ ಮಿತಿಯೊಳಗೆ ಚೌಕಟ್ಟು ನುಂಗಿಹಾಕುವ ಪ್ರತಿ ಕಿಲೋ ನೀರಿಗಾಗಲಿ ಆಹಾರಕ್ಕಾಗಲಿ ದಕ್ಕದೆ ಹೋಗುತ್ತದೆ. ಚೌಕಟ್ಟು ಭಾರವಾದಂತೆ ಅದನ್ನು ಹೊರುವ ಆಕ್ಸಲ್, ಸ್ಪ್ರಿಂಗ್, ಟೈರು, ಬ್ರೇಕುಗಳೂ ದೊಡ್ಡದಾಗುತ್ತವೆ, ಅವುಗಳ ತೂಕವೂ ಇದಕ್ಕೇ ಸೇರುತ್ತದೆ. 100×50 ಮಿ.ಮೀ. ಅಳತೆಯ ಆಯತಾಕಾರದ ಉಕ್ಕಿನ ಕೊಳವೆಯನ್ನು 3 ಮಿ.ಮೀ. ದಪ್ಪದಲ್ಲಿ ತೆಗೆದುಕೊಂಡರೆ ಮೀಟರಿಗೆ ಸುಮಾರು 6.7 ಕಿಲೋ ಬರುತ್ತದೆ; ಅದನ್ನೇ 5 ಮಿ.ಮೀ. ದಪ್ಪದಲ್ಲಿ ಕೊಂಡರೆ 11 ಕಿಲೋ ಹತ್ತಿರಕ್ಕೆ ಹೋಗುತ್ತದೆ. 20 ಮೀಟರ್ ಕೊಳವೆ ಹಿಡಿಯುವ ಚೌಕಟ್ಟಿನಲ್ಲಿ ಈ ವ್ಯತ್ಯಾಸ 80 ಕಿಲೋ ಮೀರುತ್ತದೆ, ಅಂದರೆ ತುಂಬಿದ ಒಂದು ನೀರಿನ ಟ್ಯಾಂಕನ್ನು ಯಾವ ಪ್ರಯೋಜನವೂ ಇಲ್ಲದೆ ಹೊತ್ತು ತಿರುಗಿದಂತಾಗುತ್ತದೆ. ಗಟ್ಟಿಯಾಗಿರಲಿ ಎಂದು ಕಣ್ಣಿಗೆ ದಪ್ಪ ಕಂಡ ಕಬ್ಬಿಣವನ್ನೆಲ್ಲ ಸೇರಿಸಿ ಕಟ್ಟಿದ ಟ್ರೇಲರ್ ಹೊಂಡಕ್ಕೆ ಬಿದ್ದಾಗಲೆಲ್ಲ ತನ್ನ ತೂಕದಿಂದಲೇ ತನ್ನ ಸ್ಪ್ರಿಂಗುಗಳನ್ನೂ ಬೆಸುಗೆಗಳನ್ನೂ ದಣಿಸುತ್ತದೆ. ಕಚ್ಚಾ ದಾರಿಯ ಟ್ರೇಲರಿನ ಬಲ ಅದರ ಹಗುರತನದಲ್ಲಿ ಮತ್ತು ಭಾರ ಕೂತಿರುವ ಜಾಗದಲ್ಲಿ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಾಗದ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆಕ್ಸಲ್ ಎಲ್ಲಿ ಕೂರಬೇಕು ಎಂಬುದು. ಎತ್ತಿನ ಗಾಡಿಗೆ ಹೇರು ತುಂಬುವವರಿಗೆ ಇದು ಹೊಸ ವಿಷಯವಲ್ಲ: ಭಾರ ಮುಂದಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಹಿಂದಾದರೆ ಮೂಕಿ ಮೇಲೆದ್ದು ಕೊರಳು ಬಿಗಿಯುತ್ತದೆ. ಟ್ರೇಲರಿನ ಮುಂದಕ್ಕೆ ಚಾಚಿದ ಡ್ರಾಬಾರನ್ನು ನಾನೂ ಮೂಕಿ ಎಂದೇ ಕರೆಯುತ್ತೇನೆ. ಮೂಕಿಯ ಮೂಲಕ ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟಿರಬೇಕೆಂಬುದು ಉತ್ತರ ಅಮೆರಿಕದಲ್ಲಿ ರೂಢಿಯಲ್ಲಿರುವ ಸೂತ್ರ. ಯುರೋಪಿನ ಕ್ಯಾರವಾನ್‌ಗಳಲ್ಲಿ ಇದು ಇನ್ನೂ ಕಡಿಮೆ ಇರುತ್ತದೆ. ಭಾರ ಅತಿಯಾದರೆ ಎಳೆಯುವ ವಾಹನದ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಕಡಿಮೆಯಾದರೆ ಅಪಾಯ ಇನ್ನೂ ದೊಡ್ಡದು: ಗಾಳಿಯ ಒಂದು ಹೊಡೆತಕ್ಕೋ ಪಕ್ಕದಲ್ಲಿ ಹಾದುಹೋದ ಲಾರಿಯ ಸೆಳೆತಕ್ಕೋ ಟ್ರೇಲರ್ ಅಡ್ಡಡ್ಡ ತೂಗಲು ತೊಡಗುತ್ತದೆ, ಮತ್ತು ಒಂದು ವೇಗವನ್ನು ಮೀರಿದ ಮೇಲೆ ಆ ತೂಗಾಟ ತಾನಾಗಿ ಅಡಗುವ ಬದಲು ಪ್ರತಿ ಸುತ್ತಿಗೂ ಹೆಚ್ಚುತ್ತ ಹೋಗುತ್ತದೆ.

ಲೆಕ್ಕ ಮಾತ್ರ ಶಾಲೆಯ ತಕ್ಕಡಿಯ ಲೆಕ್ಕವೇ. ಕೊಂಡಿಯಿಂದ ಆಕ್ಸಲಿಗೆ 3 ಮೀಟರ್ ದೂರವಿದ್ದು, ಒಟ್ಟು ತೂಕದ ಶೇಕಡಾ 12ರಷ್ಟು ಮೂಕಿಯ ಮೇಲೆ ಬೇಕೆಂದರೆ, ಗುರುತ್ವಕೇಂದ್ರ ಆಕ್ಸಲಿಗಿಂತ 36 ಸೆಂ.ಮೀ. ಮುಂದೆ ಇರಬೇಕು. 800 ಕಿಲೋ ತೂಕದ ಟ್ರೇಲರಿನಲ್ಲಿ ಇದು 96 ಕಿಲೋ ಮೂಕಿ ಭಾರವಾಗುತ್ತದೆ. ಇಂತಹ ಟ್ರೇಲರಿನ ಹಿಂಗೋಡೆಗೆ, ಆಕ್ಸಲಿನಿಂದ 1.3 ಮೀಟರ್ ಹಿಂದೆ, 30 ಕಿಲೋ ತೂಕದ ಒಂದು ಹೆಚ್ಚುವರಿ ಚಕ್ರವನ್ನು ನೇತುಹಾಕಿದರೆ ಮೂಕಿಯ ಮೇಲಿನಿಂದ 13 ಕಿಲೋ ಇಳಿದುಹೋಗುತ್ತದೆ. ಶೇಕಡಾ 12 ಇದ್ದದ್ದು 10ಕ್ಕೆ ಬರುತ್ತದೆ. ನೋಡಲು ಚಂದ ಕಾಣುವ ಆ ಚಕ್ರವನ್ನು ನಾನು ಮುಂಗೋಡೆಗೆ, ಮೂಕಿಯ ಮೇಲ್ಭಾಗಕ್ಕೆ ಸಾಗಿಸಿದೆ, ಏಕೆಂದರೆ ಹಿಂದೆ ಅಡುಗೆಯ ಕಪಾಟು ಮೊದಲೇ ಜಾಗ ಹಿಡಿದಿತ್ತು. 80 ಲೀಟರಿನ ನೀರಿನ ಟ್ಯಾಂಕ್ ಆಕ್ಸಲಿಗಿಂತ 1 ಮೀಟರ್ ಮುಂದೆ ಕೂತರೆ ತುಂಬಿದಾಗಿನ ಮೂಕಿ ಭಾರಕ್ಕೂ ಬರಿದಾದಾಗಿನ ಭಾರಕ್ಕೂ 27 ಕಿಲೋ ಅಂತರ ಬೀಳುತ್ತದೆ. ಬಳಸಿದಂತೆಲ್ಲ ತೂಕ ಕಳೆದುಕೊಳ್ಳುವ ವಸ್ತುವಿಗೆ ಆಕ್ಸಲಿನ ನೇರ ಮೇಲಿನ ಜಾಗವೇ ಯೋಗ್ಯ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತುಳುಕಿ ಟ್ರೇಲರನ್ನು ಅಲುಗಿಸದಂತೆ ಒಳಗೆ ಅಡ್ಡತಟ್ಟೆಗಳಿರುವ ಟ್ಯಾಂಕನ್ನೇ ಆರಿಸಿದೆ.

ಮೂಕಿ ಭಾರ ಸರಿ ಇದ್ದರೂ ಇನ್ನೊಂದು ಸೂಕ್ಷ್ಮ ಉಳಿಯುತ್ತದೆ. ಮುಂದಿನ ತುದಿಯಲ್ಲಿ ಬ್ಯಾಟರಿ ಮತ್ತು ಸಲಕರಣೆಗಳು, ಹಿಂದಿನ ತುದಿಯಲ್ಲಿ ಫ್ರಿಜ್ ಮತ್ತು ಚಕ್ರ ಎಂದು ಭಾರವನ್ನು ಎರಡು ಕೊನೆಗಳಿಗೆ ಹಂಚಿದರೆ ಸರಾಸರಿ ಸರಿಬಂದೀತು, ಆದರೆ ಒಮ್ಮೆ ತೂಗಾಟ ಶುರುವಾದರೆ ಆ ತುದಿಭಾರಗಳ ಜಡತ್ವ ಅದನ್ನು ಬೇಗ ನಿಲ್ಲಲು ಬಿಡುವುದಿಲ್ಲ. ಆದ್ದರಿಂದ ಭಾರವಾದ ವಸ್ತುಗಳೆಲ್ಲ ಆಕ್ಸಲಿನ ಆಸುಪಾಸಿನಲ್ಲಿ, ಆದಷ್ಟು ತಗ್ಗಿನಲ್ಲಿ ಇರಬೇಕು. ಕಾಗದದ ಮೇಲಿನ ಲೆಕ್ಕಕ್ಕೂ ಕಟ್ಟಿದ ವಸ್ತುವಿಗೂ ಸ್ವಲ್ಪ ಅಂತರ ಬರುವುದು ಸಹಜವಾದ್ದರಿಂದ ಆಕ್ಸಲ್ ಮತ್ತು ಸ್ಪ್ರಿಂಗುಗಳನ್ನು ಒಂದು ಪ್ರತ್ಯೇಕ ಉಪಚೌಕಟ್ಟಿಗೆ ಕೂರಿಸಿ, ಅದನ್ನು ಬೋಲ್ಟುಗಳಿಂದ ಮುಖ್ಯ ಚೌಕಟ್ಟಿಗೆ ಬಿಗಿದಿದ್ದೇನೆ. ಬೋಲ್ಟಿನ ರಂಧ್ರಗಳು ಸಾಲಾಗಿರುವುದರಿಂದ ಇಡೀ ಆಕ್ಸಲನ್ನು ಮುಂದಕ್ಕೂ ಹಿಂದಕ್ಕೂ ಸರಿಸಲು ಸಾಧ್ಯ. ಮನೆಯಲ್ಲಿ ಕಟ್ಟುವವರಿಗೆ ಈ ಒಂದು ಅನುಕೂಲವನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ಚೌಕಟ್ಟಿನಲ್ಲಿ ಅತಿ ಹೆಚ್ಚು ಬಾಗುವ ಒತ್ತಡ ಬೀಳುವುದು ಮೂಕಿಯು ಮುಂದಿನ ಅಡ್ಡಪಟ್ಟಿಯ ಕೆಳಗೆ ಹಾದುಹೋಗುವ ಜಾಗದಲ್ಲಿ. ಮೂಕಿಯ ಎರಡು ಕೋಲುಗಳನ್ನು ಆ ಅಡ್ಡಪಟ್ಟಿಗೆ ತಂದು ಅಲ್ಲಿಗೇ ನಿಲ್ಲಿಸಿ ಬೆಸೆದರೆ ಇಡೀ ಟ್ರೇಲರಿನ ಎಳೆತ ಆ ಒಂದು ಬೆಸುಗೆಯ ಮೇಲೆ ನಿಂತಂತಾಗುತ್ತದೆ. ಕೋಲುಗಳು ಅಡ್ಡಪಟ್ಟಿಯ ಕೆಳಗೆ ಮುಂದುವರಿದು ಸ್ಪ್ರಿಂಗಿನ ತುದಿಯನ್ನು ಚೌಕಟ್ಟಿಗೆ ಹಿಡಿಸುವ ಮುಂದಿನ ಹ್ಯಾಂಗರಿನವರೆಗೆ ಹೋಗಬೇಕು. ಆಗ ಎಳೆತ ಕೊಂಡಿಯಿಂದ ಚಕ್ರಕ್ಕೆ ನೇರವಾದ ಹಾದಿಯಲ್ಲಿ ಹರಿಯುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ನಿಯಮವಿದೆ: ಮೂಕಿಯ ಮೇಲ್ಮುಖ ಮತ್ತು ಕೆಳಮುಖಗಳಿಗೆ ಅಡ್ಡಲಾಗಿ ಬೆಸುಗೆ ಎಳೆಯಬಾರದು. ಬಾಗುವ ಒತ್ತಡ ಆ ಎರಡು ಮುಖಗಳಲ್ಲೇ ಅತಿ ಹೆಚ್ಚು. ಮತ್ತೆ ಮತ್ತೆ ಬೀಳುವ ಒತ್ತಡದಿಂದ ಲೋಹ ದಣಿದು ಬಿಡುವ ಬಿರುಕು, ಅಂದರೆ ದಣಿವಿನ ಬಿರುಕು, ಅಡ್ಡ ಬೆಸುಗೆಯ ಅಂಚಿನಿಂದಲೇ ಹುಟ್ಟುತ್ತದೆ. ಬೆಸುಗೆಯನ್ನು ಪಕ್ಕಗಳಲ್ಲಿ ಉದ್ದಕ್ಕೆ ಎಳೆಯಬೇಕು, ಬಲಪಡಿಸಲು ತಗಡು ಕೂರಿಸುವುದಾದರೆ ಅದರ ತುದಿಗಳನ್ನು ಮೊನಚಾಗಿ ಕತ್ತರಿಸಿ ಒತ್ತಡ ನಿಧಾನವಾಗಿ ಹಂಚಿಹೋಗುವಂತೆ ಮಾಡಬೇಕು. ರಂಧ್ರ ಕೊರೆಯುವ ಅಗತ್ಯ ಬಂದರೆ ಕೊಳವೆಯ ಪಕ್ಕದ ಮುಖದ ನಡುವಿನಲ್ಲಿ ಕೊರೆಯಬೇಕು. ಹೆಚ್ಚು ಬಲದ ಉಕ್ಕನ್ನು ತಂದರೆ ಈ ಎಚ್ಚರಗಳೆಲ್ಲ ಬೇಡವೆಂದು ಕೆಲವರು ಭಾವಿಸುತ್ತಾರೆ. ಆದರೆ ಬೆಸೆದ ಕೂಡಿಕೆಗಳು ದಣಿವನ್ನು ತಾಳುವ ಶಕ್ತಿ ಸಾಮಾನ್ಯ ಉಕ್ಕಿನಲ್ಲೂ ಹೆಚ್ಚು ಬಲದ ಉಕ್ಕಿನಲ್ಲೂ ಬಹುಮಟ್ಟಿಗೆ ಒಂದೇ ಆಗಿರುತ್ತದೆ, ಏಕೆಂದರೆ ಅಲ್ಲಿ ನಿರ್ಣಾಯಕವಾಗುವುದು ಬೆಸುಗೆಯ ಅಂಚಿನ ಆಕಾರ.

ಬೆಸುಗೆಗೆ ಮೊದಲು ಎಲ್ಲ ತುಂಡುಗಳನ್ನೂ ಸಮತಟ್ಟಾದ ನೆಲದ ಮೇಲೆ ಹಾಸಿ, ಚುಕ್ಕೆ ಬೆಸುಗೆಗಳಿಂದ ಹಿಡಿಸಿ, ಎರಡೂ ಕರ್ಣಗಳು ಒಂದೇ ಉದ್ದ ಬರುವವರೆಗೆ ತಿದ್ದಬೇಕು. ಬೆಸುಗೆ ತಣ್ಣಗಾಗುವಾಗ ಕುಗ್ಗಿ ಚೌಕಟ್ಟನ್ನು ತನ್ನ ಕಡೆಗೆ ಎಳೆಯುವುದರಿಂದ ಒಂದು ಮೂಲೆಯನ್ನು ಮುಗಿಸಿ ಪಕ್ಕದ ಮೂಲೆಗೆ ಹೋಗದೆ, ಎದುರು ಮೂಲೆಗಳಲ್ಲಿ ಚಿಕ್ಕ ಚಿಕ್ಕ ಉದ್ದಗಳನ್ನು ಸರದಿಯಂತೆ ಬೆಸೆಯುವುದು ಸರಿ. ಸತುವಿನ ಲೇಪವಿರುವ ಕೊಳವೆಯನ್ನು ಬಳಸುವವರು ಬೆಸೆಯುವ ಜಾಗದ ಲೇಪವನ್ನು ಮೊದಲು ಉಜ್ಜಿ ತೆಗೆಯಲೇಬೇಕು. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಉಕ್ಕು ಕರಗಲು ಅದಕ್ಕಿಂತ ಬಹಳ ಹೆಚ್ಚಿನ ಶಾಖ ಬೇಕು. ಹಾಗಾಗಿ ಬೆಸೆಯುವಾಗ ಏಳುವ ಹೊಗೆಯಲ್ಲಿ ಸತು ಇದ್ದೇ ಇರುತ್ತದೆ, ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಇನ್ನು ಮೂಕಿ, ಹ್ಯಾಂಗರು ಮತ್ತು ಕೊಂಡಿಯ ತಟ್ಟೆ ಈ ಮೂರು ಜಾಗಗಳ ಬೆಸುಗೆಯನ್ನು, ಸ್ವಂತ ಕೈಚಳಕದ ಬಗ್ಗೆ ಪೂರ್ಣ ಭರವಸೆ ಇಲ್ಲದವರು, ತುಂಡುಗಳನ್ನು ತಾವೇ ಜೋಡಿಸಿ ಹಿಡಿಸಿದ ಮೇಲೆ ಅರ್ಹತೆ ಪಡೆದ ವೆಲ್ಡರ್ ಒಬ್ಬರಿಂದ ಮಾಡಿಸುವುದು ಒಳ್ಳೆಯದು. ಆ ಬೆಸುಗೆಗಳ ಹಿಂದೆ ರಸ್ತೆಯಲ್ಲಿ ಬೇರೆಯವರ ಜೀವವೂ ಇದೆ.

ಸಸ್ಪೆನ್ಷನ್ ವಿಷಯದಲ್ಲಿ ಮೂರು ದಾರಿಗಳಿವೆ. ಲೀಫ್ ಸ್ಪ್ರಿಂಗ್ ಹಳೆಯದು, ಸರಳವಾದದ್ದು. ಪಟ್ಟಿಗಳು ಒಂದರ ಮೇಲೊಂದು ಉಜ್ಜುವುದರಿಂದ ಕುಲುಕಾಟ ಸ್ವಲ್ಪಮಟ್ಟಿಗೆ ತಾನಾಗಿ ತಗ್ಗುತ್ತದೆ, ಒಂದು ಪಟ್ಟಿ ಮುರಿದರೂ ಹೇಗೋ ಊರು ಸೇರಬಹುದು. ರಬ್ಬರ್ ದಂಡಗಳ ಮೇಲೆ ತಿರುಚಿಕೊಳ್ಳುವ ಟಾರ್ಷನ್ ಆಕ್ಸಲ್ ಅಚ್ಚುಕಟ್ಟಾಗಿದ್ದು ನಿರ್ವಹಣೆ ಬೇಡುವುದಿಲ್ಲ, ಆದರೆ ರಬ್ಬರ್ ಕೆಟ್ಟರೆ ದಾರಿಯಲ್ಲಿ ರಿಪೇರಿ ಇಲ್ಲ. ಪ್ರತಿ ಚಕ್ರಕ್ಕೂ ಪ್ರತ್ಯೇಕ ತೋಳು, ಕಾಯಿಲ್ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಸ್ವತಂತ್ರ ಸಸ್ಪೆನ್ಷನ್ ಒರಟು ನೆಲದಲ್ಲಿ ಅತ್ಯುತ್ತಮವಾಗಿ ನಡೆಯುತ್ತದೆ; ನೇರ ಆಕ್ಸಲಿನ ದಂಡ ಅಡ್ಡ ಇಲ್ಲದಿರುವುದರಿಂದ ಹೊಟ್ಟೆಯ ಕೆಳಗೆ ಎತ್ತರವೂ ಸಿಗುತ್ತದೆ. ತೂಕ ಮತ್ತು ಖರ್ಚು ಮಾತ್ರ ಏರುತ್ತವೆ, ತೋಳುಗಳ ಜೋಡಣೆ ಒಂದಿಷ್ಟು ತಪ್ಪಿದರೂ ಟೈರುಗಳು ಬೇಗ ಸವೆಯುತ್ತವೆ. ನಾನು ಲೀಫ್ ಸ್ಪ್ರಿಂಗನ್ನೇ ಆರಿಸಿ ಅದಕ್ಕೆ ಶಾಕ್ ಅಬ್ಸಾರ್ಬರುಗಳನ್ನು ಸೇರಿಸಿದ್ದೇನೆ. ಹಗುರವಾದ ಟ್ರೇಲರಿಗೆ ಗಡುಸಾದ ಸ್ಪ್ರಿಂಗ್ ಹಾಕಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು: ತುಂಬಿದ ತೂಕಕ್ಕೆ ಎಷ್ಟು ಬೇಕೋ ಅಷ್ಟೇ ಬಲದ ಸ್ಪ್ರಿಂಗ್ ಬಗ್ಗುತ್ತದೆ, ಅದಕ್ಕಿಂತ ಬಲವಾದದ್ದು ಬಗ್ಗದೆ ಪ್ರತಿ ಹೊಡೆತವನ್ನೂ ಚೌಕಟ್ಟಿಗೆ ದಾಟಿಸುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜೀಪಿನ ಹಿಂದೆ ಕಟ್ಟಲು ತಯಾರಾದ ಕಾಲು ಟನ್ನಿನ ಸೈನಿಕ ಟ್ರೇಲರುಗಳು ಜೀಪಿನ ಚಕ್ರ ಮತ್ತು ಟೈರುಗಳನ್ನೇ ಬಳಸುತ್ತಿದ್ದವು. ಇದಕ್ಕಿಂತ ಒಳ್ಳೆಯ ಪಾಠ ನಮಗೆ ಬೇಕಿಲ್ಲ. ಟ್ರೇಲರಿನ ಚಕ್ರ ಕೂರುವ ಹಬ್ಬಿನ ಬೋಲ್ಟ್ ವಿನ್ಯಾಸ, ರಿಮ್, ಟೈರು ಮೂರೂ ಎಳೆಯುವ ವಾಹನಕ್ಕೆ ಹೊಂದಿದರೆ ಒಂದೇ ಹೆಚ್ಚುವರಿ ಚಕ್ರ ಎರಡಕ್ಕೂ ಒದಗುತ್ತದೆ. ಎರಡು ಚಕ್ರಗಳ ನಡುವಿನ ಅಗಲವೂ ಹೊಂದಿದರೆ ಕೆಸರಿನಲ್ಲಿ, ಮರಳಿನಲ್ಲಿ ವಾಹನ ತುಳಿದ ಜಾಡಿನಲ್ಲೇ ಟ್ರೇಲರ್ ಬರುತ್ತದೆ, ತಾನೇ ಹೊಸ ಜಾಡು ಕೊರೆಯಬೇಕಾದ ಶ್ರಮ ಇಂಜಿನ್ನಿಗೆ ತಪ್ಪುತ್ತದೆ.

ಸಾಮಾನ್ಯ ರಸ್ತೆಯ 50 ಮಿ.ಮೀ. ಗುಂಡಿನ ಕೊಂಡಿ ಕಚ್ಚಾ ದಾರಿಗೆ ಸಾಲದು. ವಾಹನ ಒಂದು ದಿಕ್ಕಿಗೆ, ಟ್ರೇಲರ್ ಇನ್ನೊಂದು ದಿಕ್ಕಿಗೆ ವಾಲಿದಾಗ ಅದರ ತಿರುಗುವ ಮಿತಿ ಬೇಗ ಮುಗಿದು ಲೋಹ ಲೋಹವನ್ನು ಮೀಟಲು ತೊಡಗುತ್ತದೆ. ಮೇಲೆ ಕೆಳಗೆ, ಎಡಬಲ, ಮತ್ತು ಉದ್ದದ ಅಕ್ಷದ ಸುತ್ತ ಪೂರ್ಣವಾಗಿ, ಹೀಗೆ ಮೂರೂ ಬಗೆಯಲ್ಲಿ ತಿರುಗುವ ಕೊಂಡಿ ಬೇಕು. ಹಾಗಿದ್ದರೆ ಟ್ರೇಲರ್ ಮಗುಚಿದರೂ ವಾಹನವನ್ನು ಜೊತೆಗೆ ಮಗುಚುವುದಿಲ್ಲ. ಸುರಕ್ಷಾ ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯುವಂತೆ ಕಟ್ಟಬೇಕು. ಕೊಂಡಿ ಕಳಚಿದರೆ ಮೂಕಿ ನೆಲಕ್ಕೆ ಚುಚ್ಚದೆ ಆ ಅಡ್ಡ ಸರಪಳಿಗಳ ಮೇಲೆ ಕೂರುತ್ತದೆ.

ಬ್ರೇಕಿನ ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಯುರೋಪಿನಲ್ಲಿ ಒಟ್ಟು ತೂಕ 750 ಕಿಲೋ ಮೀರಿದರೆ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ಕಬ್ಬಿಣ ಕತ್ತರಿಸುವ ಮೊದಲೇ ತಮ್ಮ ದೇಶದ ಅಗಲ, ದೀಪ, ಬ್ರೇಕ್ ಮತ್ತು ನೋಂದಣಿಯ ನಿಯಮಗಳನ್ನು ಓದಿಕೊಳ್ಳುವುದು ಎಲ್ಲರಿಗೂ ಅನ್ವಯಿಸುವ ಮಾತು. ನಿಯಮ ಕೇಳದಿದ್ದರೂ ನಾನು ಬ್ರೇಕ್ ಹಾಕಿಸುತ್ತಿದ್ದೆ. ಟ್ರೇಲರ್ ಮುಂದಕ್ಕೆ ತಳ್ಳುವ ಬಲದಿಂದಲೇ ಕೆಲಸ ಮಾಡುವ ಓವರ್‌ರನ್ ಬ್ರೇಕು ಉದ್ದದ ಕಲ್ಲುದಾರಿಯ ಇಳಿಜಾರಿನಲ್ಲಿ ಬಿಡುವಿಲ್ಲದೆ ಒತ್ತಿಕೊಂಡೇ ಇದ್ದು ಬಿಸಿಯಾಗುತ್ತದೆ. ವಿದ್ಯುತ್ ಡ್ರಮ್ ಬ್ರೇಕಿನಲ್ಲಿ ಎಷ್ಟು ಹಿಡಿಯಬೇಕೆಂಬುದನ್ನು ಚಾಲಕರೇ ನಿಯಂತ್ರಿಸಬಹುದು, ತೂಗಾಟ ಶುರುವಾದರೆ ಟ್ರೇಲರಿನ ಬ್ರೇಕನ್ನು ಮಾತ್ರ ಒತ್ತಿ ಅದನ್ನು ನೆಟ್ಟಗೆ ಮಾಡಬಹುದು. ಈ ಒಂದು ಗುಣಕ್ಕಾಗಿ ಅದನ್ನು ಆರಿಸಿದೆ. ಬೇರಿಂಗುಗಳ ವಿಷಯದಲ್ಲಿ ನೆನಪಿಡಬೇಕಾದದ್ದು ನೀರು. ಓಡಿ ಬಿಸಿಯಾದ ಹಬ್ಬು ತಟ್ಟನೆ ತಣ್ಣನೆಯ ಹೊಳೆಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆಯುತ್ತದೆ. ಹೊಳೆ ದಾಟುವ ಮುನ್ನ ಹಬ್ಬುಗಳು ಆರಲು ಸ್ವಲ್ಪ ಹೊತ್ತು ಬಿಡಬೇಕು, ದಾಟಿ ಬಂದ ಮೇಲೆ ಗ್ರೀಸಿನ ಬಣ್ಣ ಹಾಲಿನಂತೆ ಬೆಳ್ಳಗಾಗಿದೆಯೇ ಎಂದು ನೋಡಬೇಕು.

ಗೋಡೆಗಳಿಗೆ ಹೊರಗೆ 1 ಮಿ.ಮೀ. ಅಲ್ಯೂಮಿನಿಯಂ, ನಡುವೆ ತೆಳುವಾದ ಮರದ ಪಟ್ಟಿಗಳ ನಡುವೆ 25 ಮಿ.ಮೀ. ಫೋಮ್, ಒಳಗೆ 6 ಮಿ.ಮೀ. ಪ್ಲೈವುಡ್ ಬಳಸಿದ್ದೇನೆ. 12 ಮಿ.ಮೀ. ಬರ್ಚ್ ಪ್ಲೈವುಡ್ಡಿನ ಬರಿಯ ಗೋಡೆ ಚದರ ಮೀಟರಿಗೆ ಸುಮಾರು 8 ಕಿಲೋ ತೂಗುತ್ತದೆ. ಈ ಪದರಗಳ ಗೋಡೆ ಹೆಚ್ಚುಕಡಿಮೆ ಅದೇ ತೂಕದಲ್ಲಿ ಬಿಸಿಲನ್ನೂ ಚಳಿಯನ್ನೂ ತಡೆಯುತ್ತದೆ. ಅಲ್ಯೂಮಿನಿಯಂ ಹಿಗ್ಗುವ ಲೋಹ. 2.4 ಮೀಟರ್ ಉದ್ದದ ಹಾಳೆ 40 ಡಿಗ್ರಿ ಏರಿಳಿತಕ್ಕೆ 2 ಮಿ.ಮೀ. ಮೀರಿ ಉದ್ದವಾಗುತ್ತದೆ. ಆದ್ದರಿಂದ ಅದನ್ನು ಗಟ್ಟಿಯಾಗಿ ಒಣಗುವ ಅಂಟಿನಿಂದ ಕಚ್ಚಿಸದೆ, ಒಣಗಿದ ಮೇಲೂ ಹಿಗ್ಗುವ ಪಾಲಿಯುರೆಥೇನ್ ಅಂಟಿನ ಮೇಲೆ ಕೂರಿಸಬೇಕು. ಕಿಟಕಿ ಬಾಗಿಲುಗಳ ಚೌಕಟ್ಟಿನ ಕೆಳಗೆ ಸಂದು ಮುಚ್ಚುವ ಅಂಟುಳ್ಳ ಬ್ಯೂಟೈಲ್ ಪಟ್ಟಿ ಒಳ್ಳೆಯದು. ಸಿಲಿಕೋನನ್ನು ನಾನು ಹತ್ತಿರ ಸೇರಿಸಲಿಲ್ಲ, ಒಮ್ಮೆ ಅದು ತಾಗಿದ ಮೇಲೆ ಮುಂದೆ ಯಾವ ಬಣ್ಣವೂ ಯಾವ ಅಂಟೂ ಅಲ್ಲಿ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಮತ್ತು ಉಕ್ಕು ನೇರವಾಗಿ ತಾಗುವಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುವುದರಿಂದ ನಡುವೆ ರಬ್ಬರ್ ಪಟ್ಟಿ ಇರಬೇಕು. ಆ ರಬ್ಬರಿನಿಂದ ಇನ್ನೊಂದು ಲಾಭವೂ ಇದೆ: ಚೌಕಟ್ಟು ತಿರುಚಿದಾಗ ಅದರ ಮೇಲಿನ ಪೆಟ್ಟಿಗೆ ಅಷ್ಟೇ ತಿರುಚಬೇಕಾಗುವುದಿಲ್ಲ.

ಮಳೆಗಿಂತ ಧೂಳನ್ನು ತಡೆಯುವುದು ಕಷ್ಟ. ಓಡುವ ಟ್ರೇಲರಿನ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಚಕ್ರಗಳು ಎಬ್ಬಿಸಿದ ಧೂಳು ಅಲ್ಲೇ ಸುತ್ತುತ್ತ ಹಿಂಬಾಗಿಲಿನ ಸಂದುಗಳಿಂದ ಒಳಗೆ ನುಗ್ಗುತ್ತದೆ. ಎಷ್ಟು ಒಳ್ಳೆಯ ರಬ್ಬರ್ ಹಾಕಿದರೂ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ ಇದ್ದರೆ ಧೂಳು ದಾರಿ ಹುಡುಕಿಕೊಳ್ಳುತ್ತದೆ. ಚಾವಣಿಯ ಮುಂಭಾಗದಲ್ಲಿ, ಧೂಳು ಏರದ ಎತ್ತರದಲ್ಲಿ, ಜಾಲರಿ ಇರುವ ಒಂದು ಗಾಳಿಕಿಂಡಿಯನ್ನು ಮುಂದಕ್ಕೆ ಮುಖಮಾಡಿ ಇಟ್ಟರೆ ಓಟದ ಗಾಳಿಯೇ ಒಳಗೆ ಸ್ವಲ್ಪ ಹೆಚ್ಚಿನ ಒತ್ತಡವನ್ನು ಉಳಿಸುತ್ತದೆ, ಸಂದುಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಇಷ್ಟು ಸರಳವಾದ ಉಪಾಯ ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ಕಂಡು ನನಗೆ ಅತೀವ ಸಂತೋಷವಾಯಿತು. ಅದೇ ಕಿಂಡಿ ಮತ್ತು ಹಿಂದಿನ ಇನ್ನೊಂದು ಕಿಂಡಿ ರಾತ್ರಿ ಮಲಗಿದವರ ಉಸಿರಿನ ತೇವವನ್ನು ಹೊರಹಾಕುತ್ತವೆ. ಅಡುಗೆ ಅನಿಲದ ಸಿಲಿಂಡರು ಹೊರಗಿನ ಪ್ರತ್ಯೇಕ ಪೆಟ್ಟಿಗೆಯಲ್ಲಿರಬೇಕು, ಆ ಪೆಟ್ಟಿಗೆಯ ತಳದಲ್ಲಿ ತೂತು ಇರಬೇಕು, ಏಕೆಂದರೆ ಆ ಅನಿಲ ಗಾಳಿಗಿಂತ ಭಾರ. ಮಲಗುವ ಜಾಗದಲ್ಲಿ ಕಾರ್ಬನ್ ಮೋನಾಕ್ಸೈಡ್ ಸೂಚಕ ಇರಲೇಬೇಕು.

ವಿದ್ಯುತ್ತಿನ ಭಾಗದಲ್ಲೂ ತೂಕದ ಮಾತೇ ಬರುತ್ತದೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಸುಮಾರು 30 ಕಿಲೋ ತೂಗುತ್ತದೆ, ಬಾಳಿಕೆ ಬರಬೇಕಾದರೆ ಅದರ ಅರ್ಧವನ್ನಷ್ಟೇ ಬಳಸಬೇಕು. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಸುಮಾರು 1,280 ವಾಟ್-ಗಂಟೆಗಳಲ್ಲಿ ಬಹುಪಾಲನ್ನು ಕೊಡುತ್ತದೆ. ಶೂನ್ಯ ಡಿಗ್ರಿಗಿಂತ ಕೆಳಗೆ ಮಾತ್ರ ಅದನ್ನು ಚಾರ್ಜ್ ಮಾಡಬಾರದು. 45 ವಾಟ್ ಎಳೆಯುವ ಚಿಕ್ಕ ಫ್ರಿಜ್ ದಿನದ ಮೂರನೇ ಒಂದು ಭಾಗ ಓಡಿದರೆ 360 ವಾಟ್-ಗಂಟೆ ಬೇಕು. ವಾಹನದಿಂದ ಬರುವ ತಂತಿಯ ದಪ್ಪವನ್ನು ಅನೇಕರು ಕಡೆಗಣಿಸುತ್ತಾರೆ. ಹೋಗಿ ಬರುವ ಹಾದಿ ಸೇರಿ 12 ಮೀಟರ್ ಉದ್ದದ 4 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 25 ಆಂಪಿಯರ್ ಹರಿದರೆ 1.3 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 16 ಚದರ ಮಿ.ಮೀ. ತಂತಿಯಲ್ಲಿ ಈ ನಷ್ಟ 0.3 ವೋಲ್ಟ್ ಮಾತ್ರ. ದಪ್ಪ ತಂತಿ, ಬ್ಯಾಟರಿಯ ಬುಡದಲ್ಲೇ ಫ್ಯೂಸ್, ನಡುವೆ ವಾಹನದ ವಿದ್ಯುತ್ತನ್ನು ಟ್ರೇಲರಿನ ಬ್ಯಾಟರಿಗೆ ಹೊಂದಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಇದ್ದರೆ ಸಾಕು.

ಎಲ್ಲ ಮುಗಿದು, ನೀರು, ಸಾಮಾನು, ಹಾಸಿಗೆ ತುಂಬಿದ ಮೇಲೆ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ಒಟ್ಟು ತೂಕವನ್ನು ನೋಡಬೇಕು. ಮೂಕಿ ಭಾರವನ್ನು ಮನೆಯ ತೂಕದ ಯಂತ್ರದಲ್ಲೇ ಅಳೆಯಬಹುದು. ಒಂದು ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲಿಟ್ಟ ಕೊಳವೆಗೂ ಇನ್ನೊಂದನ್ನು ತೂಕದ ಯಂತ್ರದ ಮೇಲಿಟ್ಟ ಕೊಳವೆಗೂ ಆನಿಸಿ, ಎರಡು ಕೊಳವೆಗಳ ನಡುವಿನ ಅಂತರದಲ್ಲಿ ಇಟ್ಟಿಗೆಯ ಕಡೆಯಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ ಮೂಕಿಯನ್ನು ಇಳಿಸಿದರೆ, ಬರಿಯ ಹಲಗೆ ಇದ್ದಾಗ ಯಂತ್ರ ತೋರಿಸಿದ ಅಂಕಿಯನ್ನು ಕಳೆದು ಉಳಿದದ್ದರ ಮೂರರಷ್ಟು ಮೂಕಿ ಭಾರವಾಗುತ್ತದೆ. ಟ್ರೇಲರ್ ಸಮತಟ್ಟಾಗಿ ನಿಂತಿರಬೇಕು.

ಮೊದಲ ಓಟಗಳು ಮನೆಯ ಸುತ್ತಲಿನ ಒಳ್ಳೆಯ ರಸ್ತೆಯಲ್ಲಿ, ನಂತರ ಜಲ್ಲಿಯಲ್ಲಿ, ಆಮೇಲಷ್ಟೇ ನಿಜವಾದ ಕಚ್ಚಾ ದಾರಿಯಲ್ಲಿ ನಡೆಯಬೇಕು. ಚಕ್ರದ ನಟ್ಟುಗಳನ್ನೂ ಸ್ಪ್ರಿಂಗಿನ ಯು-ಬೋಲ್ಟುಗಳನ್ನೂ ಮೊದಲ 100 ಕಿ.ಮೀ. ಒಳಗೆ ಮತ್ತೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು, ಹೊಸ ಬಣ್ಣ ಮತ್ತು ಹೊಸ ಲೋಹ ಒತ್ತಡಕ್ಕೆ ಕೂತು ಬಿಗಿ ಸಡಿಲವಾಗುತ್ತದೆ. ಒರಟು ದಾರಿಯ ಮೊದಲ ಪ್ರಯಾಣದಿಂದ ಬಂದ ಮೇಲೆ ಮೂಕಿ ಅಡ್ಡಪಟ್ಟಿಯನ್ನು ಸೇರುವ ಜಾಗ, ನಾಲ್ಕು ಹ್ಯಾಂಗರುಗಳು ಮತ್ತು ಶಾಕ್ ಅಬ್ಸಾರ್ಬರಿನ ಕಿವಿಗಳನ್ನು ತೊಳೆದು, ಬಣ್ಣವನ್ನು ಕೆರೆದು, ಬಿರುಕು ತೋರಿಸುವ ಕೆಂಪು ದ್ರವವನ್ನು ಹಚ್ಚಿ ಒರೆಸಿ ಬಿಳಿಯ ಪುಡಿ ಸಿಂಪಡಿಸಿ ಪರೀಕ್ಷಿಸುತ್ತೇನೆ. ಕೂದಲೆಳೆಯಷ್ಟು ಬಿರುಕಿದ್ದರೂ ಅದು ಕೆಂಪು ಗೆರೆಯಾಗಿ ಮೂಡುತ್ತದೆ. ಅಂತಹ ಗೆರೆ ಕಂಡರೆ ಅದರ ಮೇಲೆಯೇ ಹೊಸ ಬೆಸುಗೆ ಎಳೆಯಬಾರದು. ಬಿರುಕನ್ನು ಕೊನೆಯವರೆಗೂ ಉಜ್ಜಿ ತೆಗೆದು, ಒತ್ತಡ ಆ ಜಾಗದಲ್ಲೇ ಏಕೆ ಒಟ್ಟುಗೂಡಿತು ಎಂಬುದನ್ನು ಕಂಡುಕೊಂಡು, ಆ ಕಾರಣವನ್ನು ಸರಿಪಡಿಸಿದ ಮೇಲಷ್ಟೇ ಮತ್ತೆ ಬೆಸೆಯಬೇಕು.